ಸ್ಕ್ರಿಪ್ಟ್ ಹಾಕುವ ಮುನ್ನ ಒಮ್ಮೆ ನೋಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಬ್ಯಾಕಪ್ ಸ್ಕ್ರಿಪ್ಟ್ ನಿನ್ನೆ ಲಿನಕ್ಸ್‌ನಲ್ಲಿ ಸರಿಯಾಗಿ ಓಡಿತು, ಮ್ಯಾಕ್‌ನಲ್ಲಿ ಮಾತ್ರ ಸೆಡ್ (sed, ಫೈಲಿನೊಳಗಿನ ಪಠ್ಯ ಬದಲಿಸುವ ಕಮಾಂಡ್) ಇರುವ ಸಾಲಿನಲ್ಲೇ ಎರರ್ ಕೊಟ್ಟು ನಿಂತುಬಿಟ್ಟಿತು. ಫೈಲನ್ನು ಅಲ್ಲೇ ಬದಲಿಸುವ ಸೆಡ್‌ನ ಮೈನಸ್ ಐ (-i) ಆಯ್ಕೆಗೆ ಮ್ಯಾಕ್, ಫ್ರೀಬಿಎಸ್‌ಡಿಗಳಲ್ಲಿ ಬ್ಯಾಕಪ್ ಫೈಲಿನ ಹೆಸರಿಗೆ ಕೊನೆಯಲ್ಲಿ ಏನು ಸೇರಿಸಬೇಕು ಅಂತ ಹೇಳಲೇಬೇಕು, ಖಾಲಿ ಕೋಟ್ ಕೊಟ್ಟರೂ ಸರಿ; ಲಿನಕ್ಸ್‌ನಲ್ಲಿ ಅದು ಬೇಡ. ಸುಮ್ನೆ ತಲೆನೋವು ಯಾಕೆ, ಬೇರೆ ಫೈಲಿಗೆ ಬರೆದು ಆಮೇಲೆ ಎಂವಿ (mv) ಕಮಾಂಡಿನಿಂದ ಅದನ್ನು ಹಳೆಯ ಫೈಲಿನ ಜಾಗಕ್ಕೆ ಹಾಕಿ.

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ, ಅದನ್ನು ಓಡಿಸುವ ಶೆಲ್ ಆಗಿ ಎಸ್‌ಎಚ್ (sh) ಇದ್ದರೆ ಜೋಡಿ ಚೌಕ ಬ್ರಾಕೆಟ್ ([[ ]]), ಅರೇ (ಮೌಲ್ಯಗಳ ಪಟ್ಟಿ) ಬಳಸಬೇಡಿ; ಅವು ಬ್ಯಾಶ್‌ನಂಥ ಶೆಲ್‌ಗಳಲ್ಲಿವೆ, ಡ್ಯಾಶ್ ಎಂಬ ಚಿಕ್ಕ ಶೆಲ್‌ನಲ್ಲಿ ಇಲ್ಲ. ಉಬುಂಟುವಿನಲ್ಲಿ 2006ರಿಂದಲೂ ಎಸ್‌ಎಚ್ ಅಂದರೆ ಬ್ಯಾಶ್ ಅಲ್ಲ, ಡ್ಯಾಶ್. ತೆರೆಗೆ ಬರೆಯುವ ಎಕೋ ಮೈನಸ್ ಇ (echo -e) ಕೂಡ ಎಲ್ಲ ಶೆಲ್‌ಗಳಲ್ಲಿ ಒಂದೇ ಥರ ಓಡುವುದಿಲ್ಲ, ಅದರ ಬದಲು ಪ್ರಿಂಟ್‌ಎಫ್ (printf) ಹಾಕಿ.

ಸ್ಕ್ರಿಪ್ಟ್ ಬರೆದವರೆಲ್ಲ ಶುಕ್ರವಾರ ಸಂಜೆಯೊಳಗೆ ಶೆಲ್‌ಚೆಕ್ (ಸ್ಕ್ರಿಪ್ಟಿನ ತಪ್ಪು ಹುಡುಕುವ ಟೂಲ್) ಓಡಿಸಿ, ಆಯಿತು ಅಂತ ಇಲ್ಲೇ ತಿಳಿಸಿ. ಮ್ಯಾಕ್ ಇಲ್ಲದವರು ಹೇಳಿ, ನಾನು ಓಡಿಸಿ ನೋಡುತ್ತೇನೆ.