ನಾಯಕಿಗೆ ವಯಸ್ಸಾದರೆ ಯಾರು ಕರೀತಾರೆ? ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ನಮಸ್ಕಾರ.

ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಲು 58 ವರ್ಷ ತುಂಬಿರಬೇಕು ಎಂಬುದು ನಿಮ್ಮ ಇಲಾಖೆಯ ನಿಯಮ. ಕಚೇರಿ ನೌಕರರಿಗೆ ಹೊಂದುವ ಲೆಕ್ಕ ಅದು. ನಾಟಕದ ನಟಿಯರ ಮಟ್ಟಿಗಾದರೂ ಅದನ್ನು ಬದಲಿಸಿ ಎಂದು ಕೇಳಲು ಈ ಪತ್ರ.

ಉತ್ತರ ಕರ್ನಾಟಕದ ಹಳ್ಳಿ ನಾಟಕ ಹೇಗೆ ನಡೆಯುತ್ತದೆ ಎಂದು ನಿಮಗೂ ಗೊತ್ತಿರಬಹುದು. ಜಾತ್ರೆ ಬಂತೆಂದರೆ ಊರವರೇ ಸೇರಿ ನಾಟಕ ಆಡುತ್ತಾರೆ. ಗಂಡು ಪಾರ್ಟುಗಳೆಲ್ಲ ಊರವರಿಗೆ. ಹೆಣ್ಣು ಪಾರ್ಟಿಗೆ ಮಾತ್ರ ಗದಗ, ಬಾಗಲಕೋಟೆ, ಹುಬ್ಬಳ್ಳಿ ಕಡೆಯ ನಟಿಯರನ್ನು ಕರೆಸುತ್ತಾರೆ. ಊರವರು ವಾರಗಟ್ಟಲೆ ತಾಲೀಮು ಮಾಡಿರುತ್ತಾರೆ. ಆಕೆ ಬಸ್ಸಿಳಿದು ಬಂದು, ಹಾರ್ಮೋನಿಯಂ ಮಾಸ್ತರರ ಜೊತೆ ಹಾಡು ಸರಿ ಮಾಡಿಕೊಂಡು, ರಾತ್ರಿ ಬಣ್ಣ ಹಚ್ಚಬೇಕು. ಎದುರಿನವನು ಮಾತು ಮರೆತರೆ ಅದನ್ನೂ ಆಕೆಯೇ ಸಂಭಾಳಿಸಬೇಕು. ಬೆಳಗಿನ ಜಾವದವರೆಗೆ ನಾಟಕ. ಮರುದಿನ ಬೇರೆ ಊರು, ಬೇರೆ ನಾಟಕ. ಕೈಗೆ ಬರುವುದು ಆ ರಾತ್ರಿಯ ಸಂಭಾವನೆ, ಜೊತೆಗೆ ಜನ ಮೆಚ್ಚಿ ಕೊಟ್ಟ ಆಯೇರಿ, ಅಂದರೆ ಉಡುಗೊರೆ. ಮಳೆಗಾಲದಲ್ಲಿ ಅದೂ ಇಲ್ಲ.

ಊರಿನ ಹಿರಿಯರೊಬ್ಬರು ಅರವತ್ತಕ್ಕೂ ದುರ್ಯೋಧನ ಆಗಬಹುದು. ಯಾರೂ ನಗುವುದಿಲ್ಲ. ನಟಿಗೆ ನಲವತ್ತು ದಾಟಿತೋ, ನಾಯಕಿ ಪಾರ್ಟು ಕೈ ತಪ್ಪುತ್ತದೆ. ಆಮೇಲೆ ತಾಯಿ, ಇಲ್ಲ ಅತ್ತೆ. ಒಂದು ನಾಟಕದಲ್ಲಿ ಎಷ್ಟು ಜನ ತಾಯಂದಿರು ಇರ್ತಾರೆ, ನೀವೇ ಹೇಳಿ. ಬರಬರುತ್ತಾ ಕರೆಯುವವರೇ ಇಲ್ಲದಾಗುತ್ತಾರೆ. ಅಲ್ಲಿಂದ 58ರವರೆಗೆ ಆಕೆ ಹೊಟ್ಟೆಗೇನು ಮಾಡಬೇಕು?

ಈ ಲೆಕ್ಕವನ್ನೇ ತಲೆಕೆಳಗು ಮಾಡಿದವರು ಮೈಸೂರಿನ ಆರ್. ನಾಗರತ್ನಮ್ಮ. 1958ರಲ್ಲಿ ಹೆಂಗಸರದ್ದೇ ಆದ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕಂಸ, ರಾವಣ, ಭೀಮ ಎಲ್ಲ ತಾವೇ ಆದರು. ಅಂಥವರಿಗೂ ಪದ್ಮಶ್ರೀ ಬಂದದ್ದು 2012ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಸ್ವಂತ ಮಂಡಳಿ ಕಟ್ಟುವ ಗಟ್ಟಿತನ ಎಲ್ಲರಿಗೂ ಎಲ್ಲಿಂದ ಬರಬೇಕು? ರಾತ್ರಿ ದುಡಿದು ಹಗಲು ಮಕ್ಕಳನ್ನು ಸಾಕಿದವರೇ ಜಾಸ್ತಿ.

58 ತುಂಬಿದ ಮೇಲೂ ಕಷ್ಟ ತಪ್ಪಲ್ಲ. ಕಲಾಸೇವೆಗೆ ದಾಖಲೆ ತನ್ನಿ ಅಂತಾರೆ. ನಾಟಕದ ಕರಪತ್ರದಲ್ಲಿ ನಟಿಯ ಹೆಸರು, ಊರು ಇದ್ದರೆ ಅದೇ ಹೆಚ್ಚು. ಆ ಹೆಸರು ಆಧಾರ್‌ನಲ್ಲಿ ಇರಬೇಕೆಂದೇನಿಲ್ಲ. ಎಷ್ಟೋ ನಾಟಕ ಕಂಪನಿಗಳು ಮುಚ್ಚಿಹೋಗಿವೆ. ಕಂಪನಿ ಮಾಲೀಕರು, ಮಾಸ್ತರರು, ಜೊತೆಗೆ ಆಡಿದವರು ಬರೆದುಕೊಟ್ಟ ಮಾತನ್ನೇ ದಾಖಲೆ ಎಂದು ಒಪ್ಪಿಕೊಳ್ಳಿ. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ವಾರಗಟ್ಟಲೆ ಕ್ಯಾಂಪ್ ಹಾಕುತ್ತವೆ. ಇಲಾಖೆಯವರು ಅಲ್ಲೊಂದು ಮೇಜು ಹಾಕಿ ಕೂತರೆ ಅರ್ಜಿಗಳೂ ಬರುತ್ತವೆ, ಸಾಕ್ಷಿ ಹೇಳುವವರೂ ಅಲ್ಲೇ ಸಿಗುತ್ತಾರೆ. ನಟಿಯರ ಪಟ್ಟಿ ಮಾಡುವ ಕೆಲಸವನ್ನು ದಾವಣಗೆರೆಯ ಸರ್ಕಾರಿ ರಂಗಸಂಸ್ಥೆ ವೃತ್ತಿ ರಂಗಭೂಮಿ ರಂಗಾಯಣಕ್ಕೆ ಒಪ್ಪಿಸಬಹುದು.

ರಂಗಭೂಮಿಯಿಂದಲೇ ಬಂದ ಉಮಾಶ್ರೀ ಅವರು 2013ರಲ್ಲಿ ನಿಮ್ಮ ಖಾತೆಗೇ ಮಂತ್ರಿಯಾಗಿದ್ದರು. ಇಷ್ಟಾಗಿಯೂ ನಿಯಮದಲ್ಲಿ ನಟ, ನಟಿ ಇಬ್ಬರಿಗೂ ಒಂದೇ ವಯಸ್ಸು. ನಟಿಯರಿಗೆ ಅದನ್ನು 45ಕ್ಕೆ ಇಳಿಸಿ. ಮುಂದಿನ ಬಜೆಟ್‌ವರೆಗೂ ಕಾಯಿಸಬೇಡಿ.

ಇಂತಿ,
ನಾಟಕದ ಹುಚ್ಚಿರುವ ಒಬ್ಬ ಪ್ರೇಕ್ಷಕ