ಅಜ್ಜನ ಕಂಪ್ಯೂಟರಿಗೆ ಬೀಗ ಬೇಡ, ನಿನ್ನದಕ್ಕೆ ಬೇಕು

ಸಾಗರ

ಚಿ. ಮೇಘನಾಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಿಡುವು ಕೊಟ್ಟಿಲ್ಲ, ಕರೆಂಟ್ ಬಂದು ಹೋಗಿ ಮಾಡುತ್ತಲೇ ಇದೆ. ನೀನು ಹೇಳಿದ ಕೆಲಸ ಮುಗಿಸಿದ್ದೇನೆ. ಅಜ್ಜನ ಕಂಪ್ಯೂಟರ್ ಈಗ ಗುಂಡಿ ಒತ್ತಿದರೆ ಸಾಕು, ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳುತ್ತದೆ. ಆದರೆ ‘ನನ್ನ ಲ್ಯಾಪ್‌ಟಾಪಿಗೂ ಹಾಗೆಯೇ ಮಾಡಿಕೊಳ್ಳುತ್ತೇನೆ’ ಎಂದೆಯಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಫೋನಿನಲ್ಲಿ ಹೇಳಿದರೆ ಕಚೇರಿಯ ಗಡಿಬಿಡಿಯಲ್ಲಿ ಅರ್ಧ ಕೇಳಿಸಿಕೊಳ್ಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜನಿಗೆ ಆ ಪಾಸ್‌ವರ್ಡ್ ಎಷ್ಟು ಕಷ್ಟವಾಗಿತ್ತೆಂದು ನೀನು ಪೂರ್ತಿ ನೋಡಿಲ್ಲ. ಕನ್ನಡಕ ಏರಿಸಿ, ಬಲಗೈಯ ತೋರುಬೆರಳನ್ನು ಕೀಲಿಮಣೆಯ ಮೇಲೆ ಆಡಿಸುತ್ತಾ ಒಂದೊಂದೇ ಅಕ್ಷರ ಹುಡುಕುತ್ತಿದ್ದರು. ಕೈ ನಡುಗಿ ಒಂದೇ ಗುಂಡಿ ಎರಡು ಸಲ ಒತ್ತಿಹೋಗುತ್ತಿತ್ತು. ಪರದೆಯ ಮೇಲೆ ಕಾಣುವುದು ಬರೀ ಚುಕ್ಕೆಗಳಾದ್ದರಿಂದ ಎಲ್ಲಿ ತಪ್ಪಿತೆಂದು ತಿಳಿಯುವ ದಾರಿಯೇ ಇರಲಿಲ್ಲ. ಹೇಗೋ ಒಳಗೆ ಹೋಗಿ ತಾಳಮದ್ದಲೆ ಕೇಳಲು ಕೂತರೆಂದರೆ ಕರೆಂಟ್ ಹೋಗುತ್ತಿತ್ತು. ಹಳೆಯ ಯುಪಿಎಸ್ ಎರಡು ನಿಮಿಷವೂ ತಡೆಯುವುದಿಲ್ಲ. ಮತ್ತೆ ಮೊದಲಿನಿಂದ. ಜಾಣರಾದ ಮನುಷ್ಯ ತಮ್ಮದೇ ಮನೆಯ ವಸ್ತುವಿನ ಎದುರು ಹಾಗೆ ಸೋತು ಎದ್ದುಹೋಗುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಆ ಹಳೆಯ ಯಂತ್ರಕ್ಕೆ, ವಿಂಡೋಸ್ ಬದಲಿಗೆ ಬಳಸುವ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್ ಹಾಕಿದ್ದು ನಿನಗೆ ಗೊತ್ತು. ಅದರಲ್ಲಿ ‘ಲಾಗಿನ್ ವಿಂಡೋ’ ಎಂಬ ಸೆಟ್ಟಿಂಗ್ ಇದೆ. ಅದರೊಳಗೆ ಬಳಕೆದಾರರ ವಿಭಾಗದಲ್ಲಿ, ತಾನಾಗಿ ಲಾಗಿನ್ ಆಗಬೇಕಾದ ಖಾತೆಯ ಹೆಸರು ಬರೆದರೆ ಮುಗಿಯಿತು. ಪರದೆಯಲ್ಲಿ ಕಾಣುವ ಪೂರ್ಣ ಹೆಸರನ್ನಲ್ಲ, ಖಾತೆ ತೆರೆಯುವಾಗ ಕೊಟ್ಟ ಸಣ್ಣ ಅಕ್ಷರದ ಹೆಸರನ್ನೇ ಬರೆಯಬೇಕು.

ಅದಕ್ಕಿಂತ ಮುಖ್ಯವಾದದ್ದು ಯಾರ ಖಾತೆ ತೆರೆದುಕೊಳ್ಳಬೇಕು ಎಂಬುದು. ಇಷ್ಟು ದಿನ ಅಜ್ಜ ಬಳಸುತ್ತಿದ್ದದ್ದು ನನ್ನ ಖಾತೆ, ಅಂದರೆ ಯಂತ್ರದಲ್ಲಿ ಏನನ್ನೂ ಬದಲಾಯಿಸುವ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಖಾತೆ. ಅದನ್ನು ಬಾಗಿಲು ತೆರೆದು ಬಿಡುವ ಮಾತೇ ಇಲ್ಲ. ಅಜ್ಜನಿಗೆಂದೇ ಬೇರೆ ಸಾಮಾನ್ಯ ಖಾತೆ ಮಾಡಿ ಅದನ್ನು ಮಾತ್ರ ತೆರೆದಿಟ್ಟೆ. ಆ ಖಾತೆಗೂ ಪಾಸ್‌ವರ್ಡ್ ಇದೆ, ಯಂತ್ರ ಶುರುವಾಗುವಾಗ ಕೇಳುವುದಿಲ್ಲ ಅಷ್ಟೇ. ಹೊಸ ತಂತ್ರಾಂಶ ಹಾಕಬೇಕೆಂದರೆ ಈಗಲೂ ನನ್ನ ಪಾಸ್‌ವರ್ಡ್ ಬೇಕು. ನಿನ್ನ ಖಾತೆ ಹೇಗಿತ್ತೋ ಹಾಗೆಯೇ ಇದೆ. ರಜೆಗೆ ಬಂದಾಗ ಅಜ್ಜನ ಖಾತೆಯಿಂದ ಲಾಗ್ ಔಟ್ ಮಾಡಿದರೆ ಹೆಸರುಗಳ ಪಟ್ಟಿ ಬರುತ್ತದೆ, ಅಲ್ಲಿಂದ ಒಳಗೆ ಹೋಗು.

ಇಷ್ಟಕ್ಕೇ ಕೈಬಿಟ್ಟಿದ್ದರೆ ಅಜ್ಜನ ಪಾಡು ಇನ್ನೂ ಕೆಡುತ್ತಿತ್ತು. ಅವರು ಕಾಫಿ ಕುಡಿದು ಬರುವಷ್ಟರಲ್ಲಿ ಪರದೆ ಆರಿ ಲಾಕ್ ಆಗುತ್ತದೆ, ಆಗ ಪಾಸ್‌ವರ್ಡ್ ಕೇಳುತ್ತದೆ. ಶುರುವಿನಲ್ಲಿ ಕೇಳದ್ದು ನಡುವೆ ಕೇಳಿದರೆ ಗಾಬರಿ ಹೆಚ್ಚು. ಆ ಲಾಕ್ ಬೇರೆಯದೇ ಸೆಟ್ಟಿಂಗ್, ಸ್ಕ್ರೀನ್‌ಸೇವರ್‌ನಲ್ಲಿ ಇರುತ್ತದೆ, ಅದನ್ನೂ ತೆಗೆದೆ. ಮತ್ತೊಂದು ‘ಕೀರಿಂಗ್’, ಬ್ರೌಸರ್ ಮುಂತಾದವು ತಮ್ಮ ಗುಟ್ಟುಗಳನ್ನು ಇಟ್ಟುಕೊಳ್ಳುವ ಪೆಟ್ಟಿಗೆ. ನಾವು ಲಾಗಿನ್ ಪಾಸ್‌ವರ್ಡ್ ಹೊಡೆದಾಗ ಅದರಿಂದಲೇ ಈ ಪೆಟ್ಟಿಗೆಯೂ ತೆರೆಯುತ್ತದೆ. ತಾನಾಗಿ ಲಾಗಿನ್ ಆದರೆ ಹೊಡೆಯುವವರೇ ಇಲ್ಲ, ಪೆಟ್ಟಿಗೆ ಮುಚ್ಚಿಯೇ ಇರುತ್ತದೆ. ಕ್ರೋಮ್ ತೆರೆದೊಡನೆ ‘ಪಾಸ್‌ವರ್ಡ್ ಕೊಡಿ’ ಎಂಬ ಚೌಕ ಎದುರಾಗುತ್ತದೆ. ಕೀರಿಂಗಿನ ಪಾಸ್‌ವರ್ಡ್ ಖಾಲಿ ಮಾಡಿದರೆ ಆ ಚೌಕ ಬರುವುದಿಲ್ಲ. ಹಾಗೆ ಮಾಡಿದ ಮೇಲೆ ಅದರೊಳಗಿನದ್ದೆಲ್ಲ ಗೂಢಲಿಪಿಯಿಲ್ಲದೆ ಡಿಸ್ಕಿನಲ್ಲಿ ಕೂರುತ್ತದೆ. ತಿಳಿದೇ ಮಾಡಿದ್ದೇನೆ, ಏಕೆಂದರೆ ಆ ಖಾತೆಯಲ್ಲಿ ಬ್ಯಾಂಕಿನ ಒಂದು ಪಾಸ್‌ವರ್ಡೂ ಉಳಿಸಿಲ್ಲ. ಪಿಂಚಣಿಯ ವ್ಯವಹಾರ ಪಾಸ್‌ಬುಕ್ಕಿನಲ್ಲೇ ನಡೆಯುತ್ತಿದೆ, ಹಾಗೆಯೇ ನಡೆಯಲಿ.

ಕರೆಂಟ್ ಬಂದಾಗ ಯಂತ್ರವೂ ತಾನಾಗಿ ಶುರುವಾಗುವಂತೆ ಬಯೋಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ಮಾಡಬಹುದೆಂದು ನಿನ್ನ ಅಪ್ಪ ಹೇಳಿದರು. ಬೇಡವೆಂದೆ. ಈ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತಿಡುವುದೇ ಕ್ಷೇಮ.

ಪಾಸ್‌ವರ್ಡ್ ಯಾಕೆ ಹುಟ್ಟಿತೆಂದು ನೆನೆದರೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ನನಗೆ ಸ್ಪಷ್ಟವಾಗುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಅವರ ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ಕಟ್ಟಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲೆಂದು ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಟ್ಟರು. 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಸಿಗುವ ಕಂಪ್ಯೂಟರ್ ಸಮಯ ಸಾಲದೆಂದು, ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಮುದ್ರಿಸಿಕೊಂಡ. ಅದರಲ್ಲಿ ಪಾಸ್‌ವರ್ಡ್‌ಗಳು ಗೂಢಲಿಪಿಯಿಲ್ಲದೆ ಬರೆದಂತೆಯೇ ಇದ್ದವು, ಓದಿಕೊಂಡ.

ಇದನ್ನು ಹೇಳಲು ಕಾರಣ ಅಪ್ಪನ ಅಂಗಡಿಯ ಕಂಪ್ಯೂಟರ್. ಅಜ್ಜನದ್ದು ನೋಡಿ ಅವರಿಗೂ ಆಸೆಯಾಗಿ, ಯಾರೋ ಕಳಿಸಿದ ವೀಡಿಯೊ ನೋಡಿಕೊಂಡು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಪಾಸ್‌ವರ್ಡ್ ಬರೆಯಲು ಹೊರಟಿದ್ದರು. ಅಲ್ಲಿ ‘ಡಿಫಾಲ್ಟ್ ಪಾಸ್‌ವರ್ಡ್’ ಎಂದು ಸೇರಿಸಿದ್ದು ಇದ್ದಂತೆಯೇ, ತೆರೆದು ನೋಡಿದವರಿಗೆಲ್ಲ ಕಾಣುವಂತೆ ಉಳಿಯುತ್ತದೆ. ಮೈಕ್ರೋಸಾಫ್ಟಿನದೇ ‘ಆಟೋಲಾಗಾನ್’ ಎಂಬ ಸಣ್ಣ ತಂತ್ರಾಂಶ ಅದನ್ನು ಗೂಢಲಿಪಿಯಲ್ಲಿ ಇಡುತ್ತದೆ, ಆದರೂ ಅಡ್ಮಿನಿಸ್ಟ್ರೇಟರ್ ಅಧಿಕಾರವಿದ್ದವರು ಹೊರತೆಗೆಯಬಲ್ಲರು. ಜಿಎಸ್‌ಟಿ ಲೆಕ್ಕ, ಗಿರಾಕಿಗಳ ಬಾಕಿ, ಬ್ಯಾಂಕಿನ ವ್ಯವಹಾರ ಎಲ್ಲ ಇರುವ ಯಂತ್ರ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ದಿನವಿಡೀ ಜನ. ಅಲ್ಲಿ ಯಾವ ದಾರಿಯೂ ಬೇಡವೆಂದು ಹಟ ಹಿಡಿದೆ. ಅಪ್ಪ ಸ್ವಲ್ಪ ಮುನಿಸಿಕೊಂಡರು, ಆಮೇಲೆ ಒಪ್ಪಿದರು.

ಇನ್ನು ನಿನ್ನ ಲ್ಯಾಪ್‌ಟಾಪ್. ‘ಡಿಸ್ಕ್ ಹೇಗೂ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಗೂಢಲಿಪಿಯಲ್ಲಿದೆ, ಕದ್ದರೂ ಓದಲಾಗುವುದಿಲ್ಲ’ ಎಂದೆ. ಇಲ್ಲೇ ಎಚ್ಚರ ಬೇಕಾದದ್ದು ಪುಟ್ಟಿ. ವಿಂಡೋಸ್ 11ರ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಕೀಲಿ ಟಿಪಿಎಮ್ ಎಂಬ ಚಿಪ್ಪಿನ ಕಾವಲಿನಲ್ಲಿರುತ್ತದೆ. ಯಂತ್ರ ಶುರುವಾದೊಡನೆ, ನಿನ್ನನ್ನು ಏನೂ ಕೇಳದೆ, ಆ ಚಿಪ್ ಡಿಸ್ಕನ್ನು ತೆರೆದುಕೊಡುತ್ತದೆ. ಆಮೇಲೆ ಕಳ್ಳನಿಗೂ ನಿನ್ನ ಕಡತಗಳಿಗೂ ನಡುವೆ ಉಳಿಯುವುದು ಲಾಗಿನ್ ಪರದೆ ಒಂದೇ. ಅದನ್ನೂ ನೀನೇ ತೆಗೆದುಹಾಕಿದರೆ ಎನ್‌ಕ್ರಿಪ್ಷನ್ ಇದ್ದೂ ಇಲ್ಲದಂತೆ. ನಿನ್ನ ಇಮೇಲ್ ಸಿಕ್ಕರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ಕೊಂಡಿಗಳೂ ಸಿಗುತ್ತವೆ. ಅಜ್ಜನ ಯಂತ್ರ ನಡುಮನೆಯ ಮೇಜು ಬಿಟ್ಟು ಕದಲುವುದಿಲ್ಲ. ನಿನ್ನದು ಪಿಜಿ, ಬಸ್ಸು, ಮೆಟ್ರೊ ಎಂದು ದಿನಾ ನಿನ್ನ ಹೆಗಲ ಮೇಲೆ ಅಲೆಯುತ್ತದೆ. ನನಗೆ ಭಯವಾಗುವುದು ಅದಕ್ಕೆ.

ದಿನಕ್ಕೆ ಹತ್ತು ಸಲ ಹೊಡೆಯುವುದು ಬೇಸರವೆಂಬುದು ನನಗೂ ಅರ್ಥವಾಗುತ್ತದೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಬೆರಳಚ್ಚಿನ ಗುಂಡಿ ಇದೆಯಲ್ಲ, ಅದನ್ನು ಬಳಸು. ಇಲ್ಲವೇ ಪಿನ್ ಇಟ್ಟುಕೋ. ಆ ಪಿನ್ ಅದೊಂದೇ ಯಂತ್ರದಲ್ಲಿ ನಡೆಯುವಂಥದ್ದು, ಯಾರಾದರೂ ಕದ್ದು ನೋಡಿದರೂ ಬೇರೆ ಕಂಪ್ಯೂಟರಿನಿಂದ ನಿನ್ನ ಖಾತೆಗೆ ನುಗ್ಗಲು ಬರುವುದಿಲ್ಲ. ಹುಟ್ಟಿದ ದಿನಾಂಕವನ್ನು ಮಾತ್ರ ಪಿನ್ ಮಾಡಬೇಡ.

ಆ ಚಿಪ್ ಡಿಸ್ಕನ್ನು ತೆರೆದುಕೊಡದಿದ್ದಾಗ ಬೇಕಾಗುವ ರಿಕವರಿ ಕೀಲಿ, 48 ಅಂಕಿಗಳದ್ದು, ಎಲ್ಲಿದೆ ಎಂದು ಈ ಭಾನುವಾರವೇ ಹುಡುಕಿ ಕಾಗದದ ಮೇಲೆ ಬರೆದಿಡು. ದೀಪಾವಳಿಗೆ ಬರುವಾಗ ಅದರ ಒಂದು ಪ್ರತಿ ತಂದರೆ ಇಲ್ಲಿನ ಬೀರುವಿನಲ್ಲಿ ಜೋಪಾನವಾಗಿ ಇಡುತ್ತೇನೆ. ಅಜ್ಜನ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಬೇಕು, ಅಲ್ಲಿ ಬೆಲೆ ಎಷ್ಟೆಂದು ವಿಚಾರಿಸು.

ಇಂತಿ ನಿನ್ನ
ಅಮ್ಮ