ಚಿಯಾಂಗ್ ಮಾಯ್‌ನ ಬೆಳ್ಳಿ ಬಟ್ಟಲು

ಚಿಯಾಂಗ್ ಮಾಯ್, ಥಾಯ್ಲೆಂಡ್

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ.

ನಾನು ಕಳಿಸಿದ ಹಳೆಯ ಬೆಳ್ಳಿ ಬಟ್ಟಲಿನ ಚಿತ್ರ ನೋಡಿ, ಇದು ಥಾಯ್ ಕೆಲಸವೋ ಬರ್ಮಾದ ಕೆಲಸವೋ ಎಂದು ಕೇಳಿದ್ದೀರಿ. ಬಟ್ಟಲು ಈ ಊರಿನದೇ, ಆದರೆ ಅದರಲ್ಲಿ ಬರ್ಮಾದ ಕೈವಾಡ ದೊಡ್ಡದು ಎನ್ನುವುದೇ ನ್ಯಾಯ. 1558ರಿಂದ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಈ ಸೀಮೆ ಬಹುಮಟ್ಟಿಗೆ ಬರ್ಮಾದ ಅರಸರ ಅಧೀನದಲ್ಲಿತ್ತು. ಆ ಆಳ್ವಿಕೆ ಮುಗಿದ ಮೇಲೆ, ಯುದ್ಧಗಳಿಂದ ಪಾಳುಬಿದ್ದಿದ್ದ ನಗರವನ್ನು 1796ರಲ್ಲಿ ಮತ್ತೆ ಕಟ್ಟಲು ಹೊರಟ ಕಾವಿಲ ಅರಸನು ಸುತ್ತಲ ನಾಡುಗಳಿಂದ ಜನರನ್ನು ಎಬ್ಬಿಸಿ ತಂದನು. ಇಂದಿನ ಬರ್ಮಾದಲ್ಲಿರುವ ಸಾಲ್ವೀನ್ ನದಿಯ ಕಡೆಯಿಂದ ಹಾಗೆ ಬಂದವರು ಕೋಟೆಯ ದಕ್ಷಿಣಕ್ಕೆ ನೆಲೆಸಿದ ವುವಾಲಾಯ್ ಕೇರಿಯೇ ಇಂದಿಗೂ ಬೆಳ್ಳಿ ಕೆಲಸಕ್ಕೆ ಹೆಸರಾಗಿದೆ. ಅವರ ಇಷ್ಟವನ್ನು ಯಾರೂ ಕೇಳಿರಲಾರರು ಎಂದು ನೆನೆದಾಗ ನನಗೆ ಮನಸ್ಸು ಭಾರವಾಗುತ್ತದೆ.

ಬರ್ಮಾದ ಬಟ್ಟಲುಗಳಲ್ಲಿ ಜಾತಕ ಕಥೆಗಳ ಮತ್ತು ರಾಮಾಯಣದ ಪಾತ್ರಗಳು ಮೈಯಿಂದ ಬಹಳ ಎತ್ತರಕ್ಕೆ ಉಬ್ಬಿ ನಿಲ್ಲುತ್ತವೆ, ಸುತ್ತ ಎಲೆಬಳ್ಳಿ ತುಂಬಿರುತ್ತದೆ. ಇಲ್ಲಿಯ ಅಕ್ಕಸಾಲಿಗರೂ ಒಳಗಿನಿಂದ ತಟ್ಟಿ ಆಕೃತಿಯನ್ನು ಉಬ್ಬಿಸಿ, ಆಮೇಲೆ ಹೊರಗಿನಿಂದ ಸಣ್ಣ ಉಳಿಗಳಿಂದ ಕಣ್ಣು, ಗರಿ, ಎಲೆಯ ನರಗಳನ್ನು ತಿದ್ದುತ್ತಾರೆ. ಅವರು ಹೆಚ್ಚಾಗಿ ಕೂರಿಸುವುದು, ವರ್ಷಕ್ಕೊಂದು ಪ್ರಾಣಿಯಂತೆ ಎಣಿಸುವ ಹನ್ನೆರಡು ವರ್ಷಗಳ ಚಕ್ರದ ಪ್ರಾಣಿಗಳನ್ನು. ಬ್ಯಾಂಕಾಕ್ ಕಡೆಯ ಎಣಿಕೆಯಲ್ಲಿ ಕೊನೆಗೆ ಹಂದಿ ಬಂದರೆ, ಈ ಉತ್ತರದ ಸೀಮೆಯಲ್ಲಿ ಆ ಜಾಗ ಆನೆಯದು. ನೀವು ಕೇಳಿದ ಬಟ್ಟಲಿನಲ್ಲಿ ಆನೆಯನ್ನು ಕಂಡ ಮೇಲೆ ನನಗೆ ಸಂಶಯ ಉಳಿಯಲಿಲ್ಲ.

ನಿಮಗೆ ಇನ್ನೂ ಹಿಡಿಸುವ ಸಂಗತಿ ಲೋಹದ್ದು. 19ನೆಯ ಶತಮಾನದಲ್ಲಿ ಬ್ರಿಟಿಷ್ ಬರ್ಮಾದೊಡನೆ ತೇಗದ ವ್ಯಾಪಾರ ಬೆಳೆದಂತೆ ನಮ್ಮ ದೇಶದ ಟಂಕಸಾಲೆಗಳ ರೂಪಾಯಿಯೇ ಇಲ್ಲಿ ಚಲಾವಣೆಯ ಹಣವಾಯಿತು. 11.66 ಗ್ರಾಂ ತೂಕದ ಆ ನಾಣ್ಯದಲ್ಲಿ ಶೇಕಡಾ 91.7ರಷ್ಟು ಬೆಳ್ಳಿಯಿದ್ದುದರಿಂದ, ಅಕ್ಕಸಾಲಿಗರು ಗುಣಕ್ಕೆ ಅಂಜದೆ ಅದನ್ನು ಕರಗಿಸಿ ಪಾತ್ರೆ ಮಾಡುತ್ತಿದ್ದರು. ಥಾಯ್ ಹೊಸ ವರ್ಷದ ಸೋಂಗ್‌ಕ್ರಾನ್ ಹಬ್ಬದಲ್ಲಿ ಬುದ್ಧನ ವಿಗ್ರಹಕ್ಕೆ ಪರಿಮಳದ ನೀರೆರೆಯುವ, ಇವರು ಸಲುಂಗ್ ಎನ್ನುವ ಬಟ್ಟಲುಗಳಲ್ಲಿ ಎಷ್ಟೋ ನಮ್ಮ ರಾಣಿ ಛಾಪಿನ ರೂಪಾಯಿಗಳು ಸೇರಿಹೋಗಿವೆ.

ಬಟ್ಟಲನ್ನು ಕೊಂಡಿದ್ದೇನೆ, ಬರುವಾಗ ತರುತ್ತೇನೆ. ದಯವಿಟ್ಟು ಅದನ್ನು ಪುಡಿ ಹಾಕಿ ಉಜ್ಜಿಸಬೇಡಿ, ಏಕೆಂದರೆ ಗೀರುಗಳಲ್ಲಿ ಕೂತ ಕಪ್ಪು ಹೋದರೆ ಉಬ್ಬಿನ ಆಳವೇ ಕಾಣದು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತು ನಿಮ್ಮ ಮಗಳು